ಶಾಲೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಬೇಕೇ? ಮುಂಬೈ, ಪುಣೆ, ಗೋವಾದಲ್ಲಿ ಮೊದಲ ಕೆಲಸ ಆರಿಸುವ ಬಗೆ

ಶ್ರವಣ ಮತ್ತು ಮಾತಿನ ಚಿಕಿತ್ಸೆಯ ಪದವಿ ಬಿಎಎಸ್‌ಎಲ್‌ಪಿಯ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಫೋನ್‌ಗಳು ಶುರುವಾಗುತ್ತವೆ. “ಅಕ್ಕಾ, ಒಂದು ಇಂಟರ್‌ನ್ಯಾಷನಲ್ ಸ್ಕೂಲ್ ಕರೆದಿದೆ, ಒಂದು ಕಿವುಡ ಮಕ್ಕಳ ಶಾಲೆ ಕರೆದಿದೆ, ಇನ್ನೊಂದು ಸೆಂಟರ್‌ನವರು ಮೂರು ಶಾಲೆಗೆ ಕಳಿಸ್ತೀವಿ ಅಂತಿದ್ದಾರೆ. ಯಾವುದಕ್ಕೆ ಹೂಂ ಅನ್ನಲಿ?” ಕೇಳುವವರಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲೋ ಮಂಗಳೂರು, ಧಾರವಾಡದಲ್ಲೋ ಓದಿ, ಮದುವೆಯಾಗಿ ಈ ಕಡೆ ಬಂದವರಿದ್ದಾರೆ. ಇಲ್ಲೇ ಡೊಂಬಿವಲಿ, ಚಿಂಚವಡದ ಕನ್ನಡ ಮನೆಗಳಲ್ಲಿ ಬೆಳೆದು, ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲೋ ನಾಯರ್ ಆಸ್ಪತ್ರೆಯಲ್ಲೋ ಪುಣೆಯ ಭಾರತಿ ವಿದ್ಯಾಪೀಠದಲ್ಲೋ ಓದಿದವರೂ ಇದ್ದಾರೆ. ಎಲ್ಲರೂ ಮೊದಲು ಹೇಳುವುದು ಸಂಬಳದ ಅಂಕಿ. ನಾನು ಮೊದಲು ಕೇಳುವುದು ಬೇರೆ: ಅಲ್ಲಿ ನಿಮ್ಮ ಕೆಲಸ ನೋಡಿ ತಿದ್ದುವವರು ಯಾರಿದ್ದಾರೆ?

ಆಯ್ಕೆಗಳ ಮಾತಿಗೆ ಹೋಗುವ ಮೊದಲು ಒಂದು ಕಾಗದ ಕೈಯಲ್ಲಿರಬೇಕು. ಅದು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ. 1992ರ ಕಾಯ್ದೆಯ ಪ್ರಕಾರ ಕೇಂದ್ರ ಪುನರ್ವಸತಿ ರಿಜಿಸ್ಟರ್‌ನಲ್ಲಿ ಹೆಸರಿಲ್ಲದೆ ಈ ವೃತ್ತಿ ಮಾಡುವುದು ಶಿಕ್ಷಾರ್ಹ ಅಪರಾಧ. ಕೆಲವು ಶಾಲೆಗಳು ಈ ನಂಬರ್ ಕೇಳುವುದೇ ಇಲ್ಲ. ಅವರು ಕೇಳದಿದ್ದರೂ ನೀವೇ ಕೊಡಿ. ನೋಂದಣಿ ಆಗುವ ತನಕ ಅರ್ಜಿ ಹಾಕಿ, ಇಂಟರ್‌ವ್ಯೂ ಕೊಡಿ, ಆದರೆ ಮಕ್ಕಳನ್ನು ಒಬ್ಬರೇ ನೋಡಲು ಶುರು ಮಾಡಬೇಡಿ.

ತೂಗುವುದು ಯಾವುದರಿಂದ?

ನಾನು ಆರು ವಿಷಯ ನೋಡುತ್ತೇನೆ. ಎಲ್ಲಕ್ಕೂ ಒಂದೇ ತೂಕ ಇಲ್ಲ.

ಮೊದಲನೆಯದು ಸೂಪರ್‌ವಿಷನ್. ಕಾಲೇಜಿನಲ್ಲಿ ಪ್ರತಿ ಲೆಸನ್ ಪ್ಲ್ಯಾನ್ ಮೇಲೆ ಯಾರಾದರೂ ಗೀಟು ಎಳೆಯುತ್ತಿದ್ದರು. ಶಾಲೆಗೆ ಕಾಲಿಟ್ಟ ದಿನವೇ ಅದು ನಿಲ್ಲುತ್ತದೆ. ಮಾತೇ ಆಡದ ನಾಲ್ಕು ವರ್ಷದ ಮಗು, ಉಗ್ಗುವ ಹತ್ತನೇ ಕ್ಲಾಸಿನ ಹುಡುಗ, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣ ಸಾಧನ ಹಾಕಿಸಿ ಆರು ತಿಂಗಳಾದ ಹುಡುಗಿ, ಮೂವರೂ ಒಂದೇ ದಿನ ಎದುರಿಗೆ ಬಂದರೆ ನಿಮ್ಮ ಗೋಲ್ ಸರಿ ಇದೆಯೇ ಎಂದು ಹೇಳುವವರು ಬೇಕು. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೂರುವ ಸೀನಿಯರ್ ಸ್ಪೀಚ್ ಥೆರಪಿಸ್ಟ್ ಇದ್ದರೂ ಸಾಕು. ಪ್ರಿನ್ಸಿಪಾಲ್, ಕೌನ್ಸೆಲರ್, ವಿಶೇಷ ಶಿಕ್ಷಕಿ ಎಷ್ಟೇ ಒಳ್ಳೆಯವರಾದರೂ ಈ ಜಾಗ ತುಂಬಲಾರರು.

ಎರಡನೆಯದು ಮಕ್ಕಳ ಸಂಖ್ಯೆ. “ಎಷ್ಟು ಮಕ್ಕಳು?” ಎಂದು ಕೇಳಿದರೆ ಸಾಲದು. ವಾರಕ್ಕೆ ಎಷ್ಟು ಸೆಷನ್, ಒಬ್ಬೊಬ್ಬರೋ ಗುಂಪೋ, ವರದಿ ಬರೆಯಲು, ಟೀಚರ್ ಜೊತೆ ಮಾತಾಡಲು ಟೈಮ್‌ಟೇಬಲ್‌ನಲ್ಲಿ ಪೀರಿಯಡ್ ಬಿಟ್ಟಿದ್ದಾರೆಯೇ ಎಂದು ಕೇಳಿ. ಬೆಳಗಿನಿಂದ ಸಂಜೆಯ ತನಕ ಬರೀ ಸೆಷನ್ ತುಂಬಿಸಿಟ್ಟಿದ್ದರೆ ವರದಿಗಳು ನಿಮ್ಮ ಮನೆಗೆ ಬರುತ್ತವೆ.

ಮೂರನೆಯದು ಭಾಷೆ. ಇದರ ಬಗ್ಗೆ ಜಾಸ್ತಿ ಹೇಳುವುದಿದೆ, ಮುಂದೆ ಬರುತ್ತದೆ.

ನಾಲ್ಕನೆಯದು ದುಡ್ಡು. ತಿಂಗಳ ಲೆಕ್ಕ ಬಿಡಿ, ವರ್ಷದ ಲೆಕ್ಕ ಹಾಕಿ. ಸುಮ್ನೆ ಉದಾಹರಣೆಗೆ ಹೇಳುತ್ತೇನೆ: ಒಂದು ಶಾಲೆ ತಿಂಗಳಿಗೆ 35,000 ಎಂದು 10 ತಿಂಗಳು ಕೊಟ್ಟರೆ ವರ್ಷಕ್ಕೆ 3,50,000 ಆಯಿತು. ಇನ್ನೊಂದು 30,000 ಎಂದು 12 ತಿಂಗಳೂ ಕೊಟ್ಟರೆ 3,60,000. ಬೇಸಿಗೆ ರಜೆಗೆ, ದೀಪಾವಳಿ ರಜೆಗೆ ಸಂಬಳ ಉಂಟೇ ಎಂಬ ಒಂದು ಪ್ರಶ್ನೆ ಇಡೀ ಲೆಕ್ಕವನ್ನು ತಿರುಗಿಸುತ್ತದೆ. ಇನ್ನೊಂದು ವಿಷಯ, ನಿಮ್ಮನ್ನು ನೌಕರರೆಂದು ಇಟ್ಟುಕೊಳ್ಳುತ್ತಾರೋ ಕನ್ಸಲ್ಟೆಂಟ್ ಎಂದೋ? ಕನ್ಸಲ್ಟೆಂಟ್ ಆದರೆ ಫೀಸಿನಲ್ಲಿ ಸಾಮಾನ್ಯವಾಗಿ 10 ಶೇಕಡಾ ಟಿಡಿಎಸ್ ಹಿಡಿಯುತ್ತಾರೆ. ನಿಮ್ಮ ಆದಾಯಕ್ಕೆ ತೆರಿಗೆ ಬಾರದಿದ್ದರೆ ವರ್ಷದ ಕೊನೆಗೆ ರಿಟರ್ನ್ ತುಂಬಿ ಅದನ್ನು ವಾಪಸ್ ಪಡೆಯಬಹುದು. ಆದರೆ ಪಿಎಫ್ ಇರುವುದಿಲ್ಲ, ಹೆರಿಗೆ ರಜೆ ಇರುವುದಿಲ್ಲ. ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ. ತಿಂಗಳಿಗೆ 25,000ದ ತನಕ ಸಂಬಳವಿರುವ ಮಹಿಳೆಯರಿಗೆ 2023ರಿಂದ ಅದು ಇಲ್ಲ.

ಐದನೆಯದು ಓಡಾಟ. ಮೀರಾ ರೋಡ್‌ನಲ್ಲಿ ಮನೆ, ಪೊವಾಯಿಯಲ್ಲಿ ಶಾಲೆ ಎಂದರೆ ನಕಾಶೆಯಲ್ಲಿ ಹತ್ತಿರ ಕಾಣುತ್ತದೆ. ಬೆಳಗ್ಗೆ ಏಳೂವರೆಯ ಶಾಲೆಗೆ ಹೊರಟು ನೋಡಿದರೆ ಗೊತ್ತಾಗುತ್ತದೆ. ಇಂಟರ್‌ವ್ಯೂಗೆ ಮಧ್ಯಾಹ್ನ ಹೋಗಿಬಂದ ಸಮಯವನ್ನು ನಂಬಬೇಡಿ.

ಆರನೆಯದು ಕೋಣೆ. ಸ್ಟೋರ್‌ರೂಮಿನ ಮೂಲೆ, ಮ್ಯೂಸಿಕ್ ರೂಮಿನ ಪಕ್ಕ, ಮೆಟ್ಟಿಲ ಕೆಳಗೆ ಎಂದರೆ ಬೇಡ. ಕಿವಿ ಮಂದವಿರುವ ಮಗುವಿಗೆ ಗದ್ದಲದಲ್ಲಿ ಏನೂ ಕಲಿಸಲಾಗದು. ಬಾಗಿಲಿಗೆ ಗಾಜಿನ ಕಿಂಡಿ ಇರಲೇಬೇಕು. ಮಗುವಿನ ಜೊತೆ ಒಬ್ಬರೇ ಕೂರುವ ಕೆಲಸ ಇದು, ಮಗುವಿನ ರಕ್ಷಣೆಗೂ ನಿಮ್ಮ ರಕ್ಷಣೆಗೂ ಅದು ಬೇಕು. ಮಾತು ಬಾರದ ಮಕ್ಕಳು ತಮಗಾದ ತೊಂದರೆಯನ್ನು ಹೇಳಿಕೊಳ್ಳಲಾರರು, ಅದರ ಸುಳಿವು ಮೊದಲು ಸಿಗುವುದು ಹಲವು ಸಲ ನಮಗೇ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅಂಥದ್ದು ಗೊತ್ತಾದರೆ ವರದಿ ಮಾಡಲೇಬೇಕು. ಶಾಲೆಯಲ್ಲಿ ಯಾರಿಗೆ ಹೇಳಬೇಕು ಎಂಬ ವ್ಯವಸ್ಥೆ ಇದೆಯೇ ಕೇಳಿ. ಉತ್ತರ ತಡವರಿಸಿ ಬಂದರೆ ಯೋಚಿಸಿ.

ಭಾಷೆಯ ಮಾತು

ಮುಂಬೈಯ ಒಂದು ಮಗು ಮನೆಯಲ್ಲಿ ತುಳು, ಅಜ್ಜಿಯ ಜೊತೆ ಕನ್ನಡ, ಬಿಲ್ಡಿಂಗಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಮತ್ತು ಮರಾಠಿ ಕೇಳುತ್ತದೆ. ವಾಸ್ಕೋದ ಝುವಾರಿನಗರದ ಮಗುವಿಗೆ ಉತ್ತರ ಕರ್ನಾಟಕದ ಕನ್ನಡ, ಕೊಂಕಣಿ, ಹಿಂದಿ. ಆ ಮಗು “ದೂಧ್” ಎನ್ನಲು “ದೂದ್” ಎನ್ನುತ್ತದೆ, “ಘರ್” ಎನ್ನಲು “ಗರ್” ಎನ್ನುತ್ತದೆ. ಮಹಾಪ್ರಾಣ ತಪ್ಪಿದೆ ಎಂದು ಯಾರೋ ಉಚ್ಚಾರ ದೋಷದ ಪಟ್ಟಿಗೆ ಸೇರಿಸುತ್ತಾರೆ. ನಮ್ಮ ಮನೆಮಾತಿನಲ್ಲಿ ಮಹಾಪ್ರಾಣ ಎಷ್ಟೋ ಜನರ ಬಾಯಲ್ಲಿ ಇಲ್ಲವೇ ಇಲ್ಲ. ಅದು ದೋಷವಲ್ಲ, ಮನೆಯ ಭಾಷೆ. ತಿರುಗಿಸಿ ನೋಡಿದರೆ, ಮರಾಠಿ ಮಗು ಗಾಲಿಗೆ “ತ್ಸಾಕ್” ಎಂದಾಗ ಹೊಸದಾಗಿ ಬಂದ ಕನ್ನಡದ ಥೆರಪಿಸ್ಟ್ “ಚಾಕ್ ಎನ್ನು” ಎಂದು ತಿದ್ದಿಬಿಟ್ಟಾರು. ಮರಾಠಿಯಲ್ಲಿ ಆ ಮಗು ಹೇಳಿದ್ದೇ ಸರಿ.

ಇಂಥ ಕಡೆ ಕನ್ನಡ ಬಲ್ಲ ಥೆರಪಿಸ್ಟ್ ಬೆಲೆ ದೊಡ್ಡದು. “ಮನೆಯಲ್ಲಿ ಬರೀ ಇಂಗ್ಲಿಷ್ ಮಾತಾಡಿ” ಎಂಬ ಸಲಹೆ ಈಗಲೂ ತಂದೆತಾಯಿಗೆ ಸಿಗುತ್ತದೆ. ಎರಡು ಭಾಷೆ ಕೇಳಿಸಿಕೊಂಡಿದ್ದರಿಂದ ಮಾತು ತಡವಾಗುವುದಿಲ್ಲ, ಮನೆಮಾತು ಬಿಡಿಸಿದರೆ ಮಗುವಿಗೆ ಅಜ್ಜಿಯ ಜೊತೆಗಿನ ಮಾತೂ ಹೋಗುತ್ತದೆ. ಅದನ್ನು ಕನ್ನಡದಲ್ಲೇ ಆ ಅಜ್ಜಿಗೆ ಹೇಳಬಲ್ಲವರು ನೀವು. ಇಂಟರ್‌ವ್ಯೂನಲ್ಲಿ ಇದನ್ನು ಸಂಕೋಚವಿಲ್ಲದೆ ಹೇಳಿ. ಜೊತೆಗೆ ಮರಾಠಿ ಅಥವಾ ಕೊಂಕಣಿ ಕಲಿಯಲು ಶುರು ಮಾಡಿ. ಹಿಂದಿಯಲ್ಲಿ ಕೆಲಸ ನಡೆಯುತ್ತದೆ ಎನ್ನುವುದು ಅರ್ಧ ನಿಜ ಅಷ್ಟೇ. ಹಳ್ಳಿಯ ಕಡೆಯಿಂದ ಬಂದ ತಾಯಿ ಮಗುವಿನ ಬಗ್ಗೆ ಮನಸ್ಸು ಬಿಚ್ಚುವುದು ತನ್ನ ಮಾತಿನಲ್ಲೇ.

ಇಂಟರ್‌ನ್ಯಾಷನಲ್ ಮತ್ತು ದೊಡ್ಡ ಖಾಸಗಿ ಶಾಲೆ

ಸಂಬಳ ಇಲ್ಲಿ ಸಾಮಾನ್ಯವಾಗಿ ಮೇಲಿನದು. ಲರ್ನಿಂಗ್ ಸಪೋರ್ಟ್ ವಿಭಾಗ ಇರುತ್ತದೆ, ಪ್ರತಿ ಮಗುವಿಗೆ ಐಇಪಿ, ಅಂದರೆ ಅದರದ್ದೇ ಕಲಿಕೆಯ ಯೋಜನೆ ಬರೆಯುತ್ತಾರೆ, ಕ್ಲಾಸಿನೊಳಗೇ ಹೋಗಿ ಟೀಚರ್ ಜೊತೆ ಕೆಲಸ ಮಾಡುವ ಅವಕಾಶ ಸಿಗುತ್ತದೆ. ಕೋಣೆಯಲ್ಲಿ ಕಲಿತ ಮಾತು ಕ್ಲಾಸಿನಲ್ಲಿ ಬರುವಂತೆ ಮಾಡುವುದು ಹೇಗೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ತೊಂದರೆ ಎಲ್ಲಿ? ಬಹಳ ಕಡೆ ನೀವೊಬ್ಬರೇ ಸ್ಪೀಚ್ ಥೆರಪಿಸ್ಟ್. ತಿದ್ದುವವರಿಲ್ಲ. ಶಾಲೆಗಳ ಮೇಲಿನ ನಿಯಮಗಳು ಒತ್ತಿ ಹೇಳುವುದು ವಿಶೇಷ ಶಿಕ್ಷಕರ ಬಗ್ಗೆ. 2021ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನವೂ ಅವರ ಬಗ್ಗೆಯೇ, ಪ್ರಾಥಮಿಕದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ಎಂದು. ಸ್ಪೀಚ್ ಥೆರಪಿಸ್ಟ್ ಹುದ್ದೆ ಬಹುಮಟ್ಟಿಗೆ ಶಾಲೆಯ ಸ್ವಂತ ನಿರ್ಧಾರ. ಹಾಗಾಗಿ ಖರ್ಚು ಕಡಿತ ಮಾಡುವಾಗ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಇನ್ನೊಂದು, ಟೀಚರ್ ಬರದ ದಿನ ಕ್ಲಾಸ್ ನೋಡಿಕೊಳ್ಳಿ, ಒಂದೇ ಮಗುವಿನ ಪಕ್ಕ ಕೂರುವ ಶ್ಯಾಡೋ ಟೀಚರ್ ಇಲ್ಲ ನೀವೇ ಕೂತುಕೊಳ್ಳಿ ಎಂಬ ಮಾತು ನಿಧಾನವಾಗಿ ಶುರುವಾಗುತ್ತದೆ. ಆಫರ್ ಲೆಟರ್‌ನಲ್ಲಿ ಹುದ್ದೆಯ ಹೆಸರು “ಲರ್ನಿಂಗ್ ಸಪೋರ್ಟ್ ಅಸಿಸ್ಟೆಂಟ್” ಎಂದಿದ್ದರೆ ಹಾಗೇ ಬಿಡಬೇಡಿ, ಬದಲಿಸಲು ಹೇಳಿ.

ಎರಡು ವರ್ಷದ ಎಂಎಸ್ಸಿ ಮುಗಿಸಿದವರಿಗೆ, ಅಥವಾ ಎಲ್ಲಾದರೂ ಒಂದೆರಡು ವರ್ಷ ಪಳಗಿದವರಿಗೆ ಇದು ಒಳ್ಳೆಯದು. ಹೊಸಬರು ಹೋಗುವುದಾದರೆ ಹೊರಗಿನ ಸೀನಿಯರ್ ಒಬ್ಬರಿಂದ ತಿಂಗಳಿಗೆರಡು ಸಲ ಸೂಪರ್‌ವಿಷನ್ ತೆಗೆದುಕೊಳ್ಳಿ, ಅದರ ಫೀಸ್ ಶಾಲೆ ಕೊಡುತ್ತದೆಯೇ ಎಂದು ಮೊದಲೇ ಕೇಳಿ. ಕೇಳಿದರೆ ತಪ್ಪೇನಿಲ್ಲ.

ವಿಶೇಷ ಶಾಲೆ

ಈ ಭಾಗದಲ್ಲಿ ವಿಶೇಷ ಶಾಲೆಗಳ ಬೇರು ಹಳೆಯದು. ಮಜಗಾಂವ್‌ನ ಕಿವುಡ ಮಕ್ಕಳ ಶಾಲೆ 1880ರ ದಶಕದ್ದು, ದೇಶದಲ್ಲೇ ಈ ಬಗೆಯ ಮೊದಲಿನದು. ಶಿವಡಿಯ ಜೈ ವಕೀಲ್ 1944ರದು, ಬುದ್ಧಿ ಬೆಳವಣಿಗೆ ನಿಧಾನವಿರುವ ಮಕ್ಕಳಿಗೆ. ಸೆರೆಬ್ರಲ್ ಪಾಲ್ಸಿ ಮಕ್ಕಳಿಗಾಗಿ 1972ರಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಈಗ ಅಡಾಪ್ಟ್ ಎಂಬ ಹೆಸರಿನಲ್ಲಿದೆ. ಗೋವಾದಲ್ಲಿ ಪರ್ವರಿಯ ಸಂಜಯ್ ಶಾಲೆ, ಲೋಕವಿಶ್ವಾಸ್ ಪ್ರತಿಷ್ಠಾನದ ಶಾಲೆಗಳು ಇವೆ.

ಕಿವುಡ ಮಕ್ಕಳ ಶಾಲೆಯ ಬೆಳಗ್ಗೆ ಹೇಗಿರುತ್ತದೆ ನೋಡಿ. ಮಕ್ಕಳು ಸಾಲಾಗಿ ಬರುತ್ತಾರೆ. ನೀವು ಬಾಯಿಗೆ ಅಡ್ಡ ಕೈ ಹಿಡಿದು ಆರು ಧ್ವನಿ ಹೇಳುತ್ತೀರಿ: ಆ, ಈ, ಊ, ಶ್, ಸ್, ಮ್. ಮಗು ಕೇಳಿಸಿದಾಗಲೆಲ್ಲ ಒಂದು ಮಣಿ ಡಬ್ಬಿಗೆ ಹಾಕುತ್ತದೆ. ನಿನ್ನೆ ಆರಕ್ಕೂ ಮಣಿ ಹಾಕಿದ ಹುಡುಗ ಇವತ್ತು “ಸ್”, “ಶ್”ಗೆ ಸುಮ್ಮನಿದ್ದ ಎಂದರೆ ಶ್ರವಣ ಯಂತ್ರದ ಬ್ಯಾಟರಿ ಇಳಿದಿದೆಯೋ, ಕಿವಿಗೆ ಕೂರುವ ಅದರ ಮೋಲ್ಡ್‌ನಲ್ಲಿ ಗುಗ್ಗೆ ಕಟ್ಟಿದೆಯೋ, ಕಿವಿ ಸೋರುತ್ತಿದೆಯೋ ನೋಡಬೇಕು. ಆಮೇಲೇ ಪಾಠ. ಈ ಐದು ನಿಮಿಷದ ಅಭ್ಯಾಸ ಕೈಗೆ ಹತ್ತಿದರೆ ಮುಂದೆ ಯಾವ ಶಾಲೆಗೆ ಹೋದರೂ ಕಿವಿಯ ತೊಂದರೆ ನಿಮ್ಮ ಕಣ್ಣು ತಪ್ಪುವುದಿಲ್ಲ.

ಕೇಸುಗಳು ತುಂಬ, ಬಗೆಬಗೆಯವು. ಮಾತು ಬಾರದ ಮಕ್ಕಳಿಗೆ ಚಿತ್ರದ ಬೋರ್ಡು, ಐಐಟಿ ಬಾಂಬೆಯವರು ಮಾಡಿದ ಉಚಿತ ಜೆಲ್ಲೋ ಆ್ಯಪ್, ಚೆನ್ನೈಯ ಅವಾಝ್ ಇವನ್ನೆಲ್ಲ ದಿನವೂ ಬಳಸಿ ಕಲಿಯಬಹುದು. ವರ್ಷಗಳಿಂದ ಇರುವ ಟೀಚರ್‌ಗಳು ಮಗುವನ್ನು ಓದುವ ರೀತಿಯೇ ಒಂದು ಪಾಠ.

ಆದರೆ ಟ್ರಸ್ಟ್ ನಡೆಸುವ ಶಾಲೆಗಳಲ್ಲಿ ಸಂಬಳ ಕಡಿಮೆ. ಅನುದಾನಿತ ಹುದ್ದೆಯಾದರೆ ಸರ್ಕಾರಿ ವೇತನ ಶ್ರೇಣಿ ಇರುತ್ತದೆ, ಆದರೆ ಆ ಹುದ್ದೆ ಖಾಲಿಯಾಗುವುದು ಅಪರೂಪ. ಮರಾಠಿ ಜಾಹೀರಾತಿನಲ್ಲಿ “ವಾಚಾ ಉಪಚಾರ ತಜ್ಞ” ಎಂದು ಹುಡುಕಿ. ಅಲ್ಲಿ ಮರಾಠಿ ಓದಿ ಬರೆಯಲು ಬರಲೇಬೇಕು. ತಂದೆತಾಯಿಯ ಮನೆಯಲ್ಲಿದ್ದು, ಬಾಡಿಗೆಯ ಚಿಂತೆ ಇಲ್ಲದವರಿಗೆ ಮೊದಲ ಎರಡು ವರ್ಷ ಇಲ್ಲಿ ಕಳೆಯಿರಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸಾಲ ತೀರಿಸಬೇಕಾದವರಿಗೆ ಹಾಗೆ ಹೇಳಲಾರೆ.

ಸೆಂಟರ್ ಮೂಲಕ ಶಾಲೆಗೆ

ಮಕ್ಕಳ ಬೆಳವಣಿಗೆಯ ಸೆಂಟರ್‌ಗಳು ತಮ್ಮ ಥೆರಪಿಸ್ಟ್‌ಗಳನ್ನು ವಾರದಲ್ಲಿ ಇಂತಿಷ್ಟು ದಿನ ಶಾಲೆಗಳಿಗೆ ಕಳಿಸುವುದುಂಟು. ಡಾಕ್ಟರ್, ಆಕ್ಯುಪೇಷನಲ್ ಥೆರಪಿಸ್ಟ್, ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಒಂದೇ ಸೂರಿನಡಿ ಕೂತು ಒಂದೇ ಮಗುವಿನ ಬಗ್ಗೆ ಮಾತಾಡುವ ಕ್ರಮಕ್ಕೆ ಮುಂಬೈಯಲ್ಲಿ 2001ರಿಂದ ಇರುವ ಉಮ್ಮೀದ್, ಗೋವಾದಲ್ಲಿ ಸೇತು ಚೆನ್ನಾಗಿ ಹೆಸರು ಮಾಡಿವೆ.

ಇಂಥ ತಂಡವಿರುವ ಒಳ್ಳೆಯ ಸೆಂಟರ್ ಸಿಕ್ಕರೆ ಹೊಸಬರಿಗೆ ಇದೇ ನನ್ನ ಮೊದಲ ಆಯ್ಕೆ. ಸೀನಿಯರ್ ಪಕ್ಕದ ಕೋಣೆಯಲ್ಲಿರುತ್ತಾರೆ. ಶಾಲೆಯ ಅನುಭವವೂ ಆಗುತ್ತದೆ, ತಪ್ಪಿದಲ್ಲಿ ಹಿಡಿಯುವ ಕೈಯೂ ಇರುತ್ತದೆ.

ಕೆಟ್ಟ ಸೆಂಟರ್ ಸಿಕ್ಕರೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಮಗು ಬಾರದ ದಿನ ಸೆಷನ್ ದುಡ್ಡಿಲ್ಲ, ಶಾಲೆಯಿಂದ ಶಾಲೆಗೆ ರಿಕ್ಷಾ ನಿಮ್ಮದೇ, ಪರೀಕ್ಷೆ ಬಂದರೆ ತಿಂಗಳೇ ಖಾಲಿ. ಬಾಂಡ್ ಬರೆಸಿಕೊಂಡು ಮೂಲ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ಅಲ್ಲೇ ನಮಸ್ಕಾರ ಹೇಳಿ ಬನ್ನಿ. ಒಳ್ಳೆಯದನ್ನು ಗುರುತಿಸುವುದು ಹೇಗೆ? ಅಲ್ಲಿ ಈಗ ಕೆಲಸ ಮಾಡುವ ಕಿರಿಯ ಥೆರಪಿಸ್ಟ್ ಒಬ್ಬರನ್ನು ಹೊರಗೆ ಚಹಾಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿ: “ಕಳೆದ ತಿಂಗಳು ನಿಮ್ಮ ಸೆಷನ್ ಯಾರಾದರೂ ಕೂತು ನೋಡಿದ್ರಾ?”

ಸರ್ಕಾರಿ ದಾರಿ, ಸ್ವಂತ ದಾರಿ

2018ರಿಂದ ಸಮಗ್ರ ಶಿಕ್ಷಾ ಯೋಜನೆಯಡಿ ಸರ್ಕಾರಿ ಶಾಲೆಗಳ ವಿಶೇಷ ಅಗತ್ಯದ ಮಕ್ಕಳಿಗೆ ಥೆರಪಿ, ಸಲಕರಣೆ, ಮನೆಗೇ ಹೋಗಿ ಕಲಿಸುವ ವ್ಯವಸ್ಥೆ ಇದೆ. ಕೆಲಸ ಹೆಚ್ಚಾಗಿ ಗುತ್ತಿಗೆಯದು. ಒಬ್ಬರಿಗೆ ಹಲವು ಶಾಲೆ, ಒಂದು ಮಗುವಿಗೆ ಸಿಗುವ ಸಮಯ ಕಡಿಮೆ. ಇಲ್ಲಿ ಟೀಚರ್‌ಗೆ, ತಾಯಿಗೆ ಕಲಿಸಿಕೊಟ್ಟು ಬರುವುದೇ ಮುಖ್ಯ ಕೆಲಸ. ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಮಟ್ಟದ ಕೇಂದ್ರಗಳಾದ ಡಿಇಐಸಿಗಳಲ್ಲೂ ಆಡಿಯಾಲಜಿಸ್ಟ್ ಮತ್ತು ಸ್ಪೀಚ್ ಥೆರಪಿಸ್ಟ್ ಹುದ್ದೆ ಇರುತ್ತದೆ, ಶಾಲೆಗಳಲ್ಲಿ ತಪಾಸಣೆಯಾದ ಮಕ್ಕಳು ಅಲ್ಲಿಗೆ ಬರುತ್ತಾರೆ. ಮುಂಬೈ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ ಎನ್ನುವುದು ನಮ್ಮವರಿಗೇ ಎಷ್ಟೋ ಸಲ ನೆನಪಿರುವುದಿಲ್ಲ. ಅಲ್ಲಿನ ಮಕ್ಕಳಿಗೆ ಕನ್ನಡದಲ್ಲಿ ಪರೀಕ್ಷೆ ಮಾಡಬಲ್ಲ ಸ್ಪೀಚ್ ಥೆರಪಿಸ್ಟ್ ಸಿಗುವುದು ಬಹಳ ಕಷ್ಟ. ವಾರಕ್ಕೆ ಅರ್ಧ ದಿನ ಬಿಡುವಿದ್ದರೆ ಅಂಥ ಶಾಲೆಗೋ ಕನ್ನಡ ಸಂಘಗಳು ನಡೆಸುವ ಶಾಲೆಗೋ ಹೋಗಿ ಮಾತಾಡಿ. ಇದನ್ನು ನಾನು ಮನಸಾರೆ ಕೇಳಿಕೊಳ್ಳುತ್ತಿದ್ದೇನೆ.

ಸ್ವಂತವಾಗಿ ನಾಲ್ಕೈದು ಶಾಲೆಗಳನ್ನು ಹಿಡಿದು ಓಡಾಡುವುದು ಮೊದಲ ಕೆಲಸವಾಗಿ ಬೇಡ. ಮೂರ್ನಾಲ್ಕು ವರ್ಷ ಆದ ಮೇಲೆ ಚಿಕ್ಕ ಮಕ್ಕಳಿರುವ ಅಮ್ಮಂದಿರಿಗೆ ಅದು ಹೊಂದುತ್ತದೆ.

ಊರಿನ ಲೆಕ್ಕ

ಮುಂಬೈಯಲ್ಲಿ ಆಯ್ಕೆ ಜಾಸ್ತಿ, ಬಾಡಿಗೆಯೂ ಜಾಸ್ತಿ. ಕಲಿಕೆಯ ತೊಂದರೆಗೆ ಸರ್ಟಿಫಿಕೇಟ್ ಕೊಡುವ ಸಯಾನ್, ನಾಯರ್‌ನಂಥ ದೊಡ್ಡ ಆಸ್ಪತ್ರೆಗಳು, ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ ಎಲ್ಲ ಹತ್ತಿರವಿರುವುದರಿಂದ ಮಗುವನ್ನು ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸುಲಭ. ಮನೆ ಲೋಕಲ್ ರೈಲಿನ ಯಾವ ಲೈನಿನಲ್ಲಿದೆಯೋ ಅದೇ ಲೈನಿನಲ್ಲಿ ಶಾಲೆ ಹುಡುಕಿ.

ಪುಣೆಯಲ್ಲಿ ಓಡಾಟ ಗಾಡಿಯ ಮೇಲೆ. ಹೊಸ ಖಾಸಗಿ ಶಾಲೆಗಳು ಹಿಂಜವಡಿ, ವಾಕಡ್, ಖರಾಡಿ ಕಡೆ ಬೆಳೆದಿವೆ. ಐಟಿ ಕೆಲಸಕ್ಕೆ ಬಂದ ಕನ್ನಡ ಮನೆಗಳೂ ಆ ಕಡೆ ಬಹಳ. ಮರಾಠಿ ಬಳಕೆ ಮುಂಬೈಗಿಂತ ಹೆಚ್ಚು. ಬಾಡಿಗೆ, ಖರ್ಚು, ಸಂಬಳ ಮೂರನ್ನೂ ಕೂಡಿಸಿ ನೋಡಿದರೆ ಹೊಸಬರಿಗೆ ಪುಣೆ ಹಗುರ.

ಗೋವಾದಲ್ಲಿ ಹುದ್ದೆಗಳೇ ಕಡಿಮೆ, ಹಾಗೆಯೇ ಥೆರಪಿಸ್ಟ್‌ಗಳೂ ಕಡಿಮೆ. ಎಲ್ಲರಿಗೂ ಎಲ್ಲರೂ ಗೊತ್ತು. ಒಂದು ಕಡೆ ಒಳ್ಳೆಯ ಕೆಲಸ ಮಾಡಿದರೆ ಮಾತು ಬೇಗ ಹರಡುತ್ತದೆ. 2023ರಲ್ಲಿ ಶುರುವಾದ ಅಂಗವಿಕಲರ ಉತ್ಸವ ಪರ್ಪಲ್ ಫೆಸ್ಟ್ ಆದ ಮೇಲೆ ಅಂಗವಿಕಲರ ಹಕ್ಕಿನ ಮಾತು ಅಲ್ಲಿ ಜೋರಾಗಿ ಕೇಳಿಬರುತ್ತಿದೆ. ಬೆಳಗಾವಿ, ಕಾರವಾರ, ಧಾರವಾಡದ ಮನೆಗೆ ವಾರಕ್ಕೊಮ್ಮೆ ಹೋಗಿಬರಬೇಕು ಎನ್ನುವವರಿಗೆ ಇದು ಅನುಕೂಲ. ಆದರೆ ಸೀನಿಯರ್‌ಗಳು ಬೆರಳೆಣಿಕೆಯಷ್ಟು, ಆನ್‌ಲೈನ್ ಸೂಪರ್‌ವಿಷನ್ ಮೊದಲೇ ಗೊತ್ತು ಮಾಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು?

ಬಾಡಿಗೆ, ಸಾಲ ಎರಡೂ ಇದ್ದರೆ 12 ತಿಂಗಳ ಸಂಬಳದ ಖಾಸಗಿ ಶಾಲೆ, ಜೊತೆಗೆ ಹೊರಗಿನ ಸೂಪರ್‌ವೈಸರ್. ಮುಂದೆ ಎಂಎಸ್ಸಿ ಮಾಡುವ ಮನಸ್ಸಿದ್ದರೆ ಒಂದು ವರ್ಷ ವಿಶೇಷ ಶಾಲೆ, ಏಕೆಂದರೆ ಅಲ್ಲಿ ನೋಡಿದ ಮಕ್ಕಳು ಪಾಠದ ಪ್ರತಿ ಪುಟದಲ್ಲಿ ಎದುರಾಗುತ್ತಾರೆ. ಮದುವೆಯಾಗಿ ಬಂದು ಭಾಷೆಯೂ ಊರೂ ಹೊಸದು ಎನ್ನುವವರಿಗೆ ತಂಡವಿರುವ ಸೆಂಟರ್. ಪುಟ್ಟ ಮಗುವಿದ್ದು ಮಧ್ಯಾಹ್ನಕ್ಕೆ ಮನೆ ಸೇರಬೇಕಾದರೆ ಮನೆಯಿಂದ ಅರ್ಧ ಗಂಟೆಯೊಳಗಿನ ಯಾವ ಶಾಲೆಯಾದರೂ ಸರಿ, ಸಂಬಳ ತುಸು ಕಡಿಮೆಯಾದರೂ ಸರಿ.

ಎರಡು ಆಫರ್ ಸಮಸಮ ಅನಿಸಿದರೆ ಎರಡೂ ಕಡೆ ಅರ್ಧ ದಿನ ಸುಮ್ನೆ ಕೂತು ನೋಡಲು ಅನುಮತಿ ಕೇಳಿ. ಪೀರಿಯಡ್ ಬೆಲ್ ಹೊಡೆದಾಗ ಥೆರಪಿ ಕೋಣೆಗೆ ಬರುವ ಮಗುವನ್ನು ಕ್ಲಾಸ್ ಟೀಚರ್ ಏನು ಹೇಳಿ ಕಳಿಸುತ್ತಾರೆ, ವಾಪಸ್ ಹೋದಾಗ ಏನು ಕೇಳುತ್ತಾರೆ ಗಮನಿಸಿ. “ಏನು ಕಲಿತೆ ಇವತ್ತು, ನನಗೂ ಹೇಳು” ಎನ್ನುವ ಟೀಚರ್ ಇರುವ ಶಾಲೆಯಲ್ಲಿ ನಿಮ್ಮ ಅರ್ಧ ಗಂಟೆಯ ಸೆಷನ್ ದಿನವಿಡೀ ನಡೆಯುತ್ತದೆ. ಅಂಥ ಕಡೆ ಸೇರುವುದಾದರೆ ಹುದ್ದೆಯ ಹೆಸರು, ವಾರದ ಸೆಷನ್ ಸಂಖ್ಯೆ, ರಜೆಯ ಸಂಬಳ, ಸೂಪರ್‌ವಿಷನ್ ಈ ನಾಲ್ಕೂ ಆಫರ್ ಲೆಟರ್‌ನಲ್ಲಿ ಬರೆದು ಬಂದ ಮೇಲೆ ಸಹಿ ಹಾಕಿ.